ಇಲ್ಲದ ದೊರೆಯ ದಿನಚರಿ

ದೆವ್ವ, ಶಕುನ, ಪೂರ್ವಜನ್ಮ ಎಂಬ ಮಾತು ಬಂದರೆ ಎದ್ದು ಹೋಗುವ ಜನರಲ್ಲಿ ನಾನೂ ಒಬ್ಬನಾಗಿದ್ದೆ. ಎದ್ದು ಹೋಗುವುದೇನು, ಕೂತು ವಾದ ಮಾಡಿ ಎದುರಿನವರನ್ನು ಎಬ್ಬಿಸುತ್ತಿದ್ದೆ. ಶಿವಮೊಗ್ಗದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ನಾನು. ಸೂರ್ಯಗ್ರಹಣದ ಹೊತ್ತಿನಲ್ಲಿ ಶಾಲೆಯ ಅಂಗಳದಲ್ಲಿ ಮಕ್ಕಳೆಲ್ಲ ನೋಡುವಂತೆ ನಿಂತು ಚಿತ್ರಾನ್ನ ತಿಂದವನು. ಅಂದು ಸಂಜೆ ಹೊಟ್ಟೆ ಕೆಟ್ಟದ್ದು ನಿಜ. ಅದಕ್ಕೆ ಕಾರಣ ರಾಹುವಲ್ಲ, ಹಿಂದಿನ ದಿನದ ಅನ್ನ ಎಂದು ಈಗಲೂ ಸಾಧಿಸಬಲ್ಲೆ. ಅಂಥವನಿಗೆ ನಾಲ್ಕು ವರ್ಷಗಳ ಹಿಂದೆ ಭದ್ರಾವತಿಯಲ್ಲಿ, ಮಟಮಟ ಮಧ್ಯಾಹ್ನ, ಒಂದು ಅನುಭವವಾಯಿತು. ಇದನ್ನು ಓದಿ ನೀವು ನನ್ನನ್ನು ಸುಳ್ಳುಗಾರ ಎನ್ನಬಹುದು. ಅನ್ನಿ. ನಾನು ಸುಳ್ಳುಗಾರನೇ. ತೊಂದರೆ ಶುರುವಾದದ್ದೇ ಅಲ್ಲಿಂದ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಶಾಲೆಯ ವೇಳಾಪಟ್ಟಿ ಮಾಡುತ್ತಿದ್ದವರು ಗಣಿತದ ಕಮಲಾಕ್ಷಿ ಮೇಡಂ. ಬೆಳಗಿನ ಪಿರಿಯಡ್‌ಗಳನ್ನೆಲ್ಲ ಗಣಿತಕ್ಕೆ ಇಟ್ಟುಕೊಂಡು, ಒಂಬತ್ತನೇ ತರಗತಿಯ ನನ್ನ ಭೂಗೋಳವನ್ನು ವಾರವಿಡೀ ಊಟದ ನಂತರಕ್ಕೆ ತಳ್ಳಿದರು. ಎಷ್ಟು ಕೇಳಿಕೊಂಡರೂ ಜಗ್ಗಲಿಲ್ಲ. ಅನ್ನ ಸಾರು ಉಂಡು ಬಂದ ಮಕ್ಕಳಿಗೆ ಭೂಮಾಪನದ ಪಾಠ ಮಾಡಿ ನೋಡಿ, ಆಗ ಗೊತ್ತಾಗುತ್ತದೆ. ಮೂರನೇ ದಿನ ಇಡೀ ತರಗತಿ ನಿದ್ದೆಹೋಯಿತು. ಮುಂದಿನ ಬೆಂಚಿನವನೊಬ್ಬ ಗೊರಕೆಯನ್ನೂ ಹೊಡೆದ. ಆ ಅವಮಾನದಲ್ಲಿ ನನ್ನ ಬಾಯಿಂದ ಒಂದು ಕಥೆ ಹೊರಟಿತು.

ಬಹಳ ಹಿಂದೆ ನಮ್ಮ ರಾಗಿಗುಡ್ಡದ ಮೇಲೆ ಒಬ್ಬ ಇಂಗ್ಲಿಷ್ ದೊರೆ ಡೇರೆ ಹಾಕಿದ್ದ ಎಂದೆ. ದೂರದ ಇನ್ನೊಂದು ಗುಡ್ಡದ ಮೇಲೆ ಅವನ ಆಳುಗಳು ದೀಪ ಹಚ್ಚಿಡಬೇಕು. ಈತ ಇಲ್ಲಿಂದ ದುರ್ಬೀನಿನಲ್ಲಿ ಅದನ್ನು ನೋಡಿ ಕೋನ ಅಳೆಯಬೇಕು. ಆದರೆ ಮೋಡ, ಮಂಜು. ಮೂರು ರಾತ್ರಿ ಕಾದರೂ ದೀಪ ಕಾಣಲಿಲ್ಲ. ದೊರೆಯ ಅಡುಗೆಯವನು ಸಿದ್ದಪ್ಪ. ಅವನು ಮಾತಾಡುತ್ತ ಮಾತಾಡುತ್ತ ಸಾರಿಗೆ ಎರಡು ಸಲ ಉಪ್ಪು ಹಾಕುವವನು. ಯಾರಾದರೂ ಕೇಳಿದರೆ, "ನೀರು ಕುಡೀರಿ, ಸರಿಹೋಗ್ತದೆ" ಎನ್ನುವವನು. ಆ ರಾತ್ರಿ ದೊರೆ ಆ ಸಾರು ಉಂಡು, ಬಾಯಾರಿ ಕೊಡಗಟ್ಟಲೆ ನೀರು ಕುಡಿದು, ನೀರು ಕುಡಿದ ಕಾರಣಕ್ಕೇ ಮತ್ತೆ ಮತ್ತೆ ಎದ್ದು ಹೊರಗೆ ಹೋಗಬೇಕಾಯಿತು. ಹಾಗೆ ನಾಲ್ಕನೇ ಸಲ ಹೊರಗೆ ಹೋಗಿ ನಿಂತಾಗ ಮೋಡ ಸರಿದು ದೂರದಲ್ಲಿ ದೀಪ ಕಂಡಿತು! ಹೀಗೆ ಸಿದ್ದಪ್ಪನ ಉಪ್ಪಿನಿಂದ ನಮ್ಮೂರು ಭೂಪಟಕ್ಕೆ ಬಂತು ಎಂದೆ. ದೊರೆ ಸಂತೋಷಪಟ್ಟು ಸಿದ್ದಪ್ಪನಿಗೆ ತನ್ನ ಕೋಟನ್ನೇ ಬಿಚ್ಚಿಕೊಟ್ಟ ಎಂದೂ ಸೇರಿಸಿದೆ. ಗೊರಕೆಯವನು ಎದ್ದು ಕೂತು ಚಪ್ಪಾಳೆ ಹೊಡೆದ.

ಇದರಲ್ಲಿ ಒಂದಕ್ಷರವೂ ನಿಜವಲ್ಲ. ಸಿದ್ದಪ್ಪ ಎಂದರೆ ನನ್ನ ಹೆಂಡತಿ ಗಿರಿಜಾಳ ಸೋದರಮಾವ, ಹೊಳೆಹೊನ್ನೂರಿನವರು. ಮದುವೆ ಮುಂಜಿಗಳಲ್ಲಿ ಅಡುಗೆಮನೆಯ ಉಸ್ತುವಾರಿ ವಹಿಸಿಕೊಂಡು, ಊರ ಸುದ್ದಿ ಹೇಳುತ್ತ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದದ್ದು ಅವರೇ. ಬೆನ್ನ ಹಿಂದೆ ಅಂಗಿಯ ಕಾಲರಿಗೆ ಕೊಡೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದವರೂ ಅವರೇ. ಕೊಡೆಯನ್ನೂ ಕಥೆಯಲ್ಲಿ ಬಿಡಲಿಲ್ಲ. ಇನ್ನು ದೊರೆಯ ಸಾಮಾನು ಹೊರಲು ಒಂದು ಹಟಮಾರಿ ಕತ್ತೆಯನ್ನು ಇಟ್ಟಿದ್ದೆ. ಅದಕ್ಕೆ ನನ್ನ ಮನಸ್ಸಿನೊಳಗೆ ಕಮಲಿ ಎಂದು ಹೆಸರು. ಯಾಕೆ ಎಂದು ವೇಳಾಪಟ್ಟಿಯ ಸಂಗತಿ ತಿಳಿದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತರಗತಿಯಲ್ಲಿ ಆ ಹೆಸರನ್ನು ಒಮ್ಮೆಯೂ ಎತ್ತಿದವನಲ್ಲ, ನನಗೂ ನೌಕರಿ ಬೇಕಿತ್ತು. ಮನೆಯಲ್ಲಿ ಗಿರಿಜಾಳಿಗೆ ಮಾತ್ರ ಹೇಳಿ ನಕ್ಕಿದ್ದೆ. ಅವಳು ಕತ್ತೆಗೆ ನಕ್ಕಳು, ಮಾವನ ವಿಷಯಕ್ಕೆ ಎರಡು ದಿನ ಮಾತು ಬಿಟ್ಟಳು.

ಕಥೆ ಬೆಳೆಯಿತು. ಪ್ರತಿ ವರ್ಷ ಹೊಸ ಒಂಬತ್ತನೇ ತರಗತಿಯವರು, "ಸಾರ್, ಉಪ್ಪಿನ ದೊರೆ ಕಥೆ" ಎಂದು ತಾವಾಗಿಯೇ ಕೇಳುವರು. ಅಣ್ಣ ಕೇಳಿದ್ದನ್ನು ತಮ್ಮ ಕೇಳಿದ, ಅಕ್ಕ ಕೇಳಿದ್ದನ್ನು ತಂಗಿ ಕೇಳಿದಳು. ಕಥೆ ಎಂದು ಶುರುವಾದದ್ದು ಇತಿಹಾಸ ಯಾವಾಗ ಆಯಿತೋ ನನಗೇ ಗೊತ್ತಾಗಲಿಲ್ಲ. ನಾಲ್ಕು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ರಾಗಿಗುಡ್ಡದ ಮೇಲೆ ಈ ಸಂಗತಿಯ ಒಂದು ಕಲ್ಲು ನಿಲ್ಲಿಸುವುದೆಂದು ತೀರ್ಮಾನಿಸಿದರು. ಅಷ್ಟು ಹೊತ್ತಿಗೆ ಕಮಲಾಕ್ಷಿ ಮೇಡಂ ನಮ್ಮ ಮುಖ್ಯೋಪಾಧ್ಯಾಯಿನಿಯಾಗಿದ್ದರು. ನನ್ನನ್ನು ಕರೆಸಿದರು.

"ಸಾರ್, ನಮ್ಮ ಶಾಲೆಗೇ ಹೆಮ್ಮೆ ಇದು. ಆದ್ರೆ ಕೆತ್ತಿಸೋದು ಕಲ್ಲಿನ ಮೇಲೆ. ಬ್ಲ್ಯಾಕ್‌ಬೋರ್ಡ್ ಅಲ್ಲ ಒರೆಸೋಕೆ. ಇಲಾಖೆಯವ್ರು ಬರ್ತಾರೆ, ಪೇಪರ್‌ನವ್ರು ಬರ್ತಾರೆ. ಯಾವ ಪುಸ್ತಕ, ಯಾವ ಪುಟ ಅಂತ ಒಂದು ಆಧಾರ ಕೊಟ್ಬಿಡಿ."

"ಹುಡುಕಿ ಕೊಡ್ತೀನಿ ಮೇಡಂ" ಎಂದೆ.

ದುರ್ಗಿಗುಡಿಯ ನಮ್ಮ ಮನೆಗೆ ಬಂದು ಗಿರಿಜಾಳ ಎದುರು ಕೂತೆ. ಅವಳು ಕೇಳಿ, "ಒಪ್ಕೊಂಡ್ಬಿಡಿ ರೀ. ಮಕ್ಳನ್ನ ಎಬ್ಸೋಕೆ ಕಟ್ಟಿದ್ದು ಅಂದ್ರೆ ಯಾರೇನು ನೇಣಿಗೆ ಹಾಕ್ತಾರಾ?" ಎಂದಳು.

"ಎಷ್ಟು ಬ್ಯಾಚಿಗೆ ಹೇಳಿದೀನಿ ಗೊತ್ತಾ ಮಾರಾಯ್ತಿ? ಅವರಲ್ಲಿ ಇಬ್ಬರು ಪೊಲೀಸ್ ಆಗಿದಾರೆ."

ಕೊನೆಗೆ ನನಗೆ ಒಂದು ಮರ್ಯಾದೆಯ ದಾರಿ ಹೊಳೆಯಿತು. ಯಾವುದಾದರೂ ಒಳ್ಳೆಯ ಗ್ರಂಥಾಲಯಕ್ಕೆ ಹೋಗಿ ಪ್ರಾಮಾಣಿಕವಾಗಿ ಹುಡುಕುವುದು. ಸಿಗುವುದಿಲ್ಲ, ಸಿಗಲು ಸಾಧ್ಯವೂ ಇಲ್ಲ. "ನಾನೂ ಯಾರೋ ಹಿರಿಯರ ಬಾಯಲ್ಲಿ ಕೇಳಿದ್ದೆ ಮೇಡಂ, ಲಿಖಿತ ಆಧಾರ ದೊರೆಯಲಿಲ್ಲ" ಎಂದರೆ ಕಲ್ಲು ತಾನಾಗಿ ನಿಲ್ಲುತ್ತದೆ. ನಿಲ್ಲುತ್ತದೆ ಎಂದರೆ, ನಿಲ್ಲಿಸುವ ಕೆಲಸ ನಿಲ್ಲುತ್ತದೆ. ಪುಸ್ತಕ ಸಿಗದಿರಲಿ ಎಂದು ಬೇಡಿಕೊಂಡು ಗ್ರಂಥಾಲಯಕ್ಕೆ ಹೊರಟ ಓದುಗ ನಾನೊಬ್ಬನೇ ಇರಬೇಕು.

ಭದ್ರಾವತಿಯ ಹಳೇ ಕ್ವಾರ್ಟರ್ಸ್ ಸಾಲೊಂದರಲ್ಲಿ ಭೂಗೋಳಕ್ಕೂ ದೇಶಶೋಧನೆಗೂ ಮೀಸಲಾದ ಒಂದು ಖಾಸಗಿ ಗ್ರಂಥಾಲಯವಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವರೊಬ್ಬರು ಜೀವಮಾನವಿಡೀ ಭೂಪಟ, ಅಟ್ಲಾಸು, ಸಮುದ್ರಯಾನ ಮರುಭೂಮಿಯಾನಗಳ ಪುಸ್ತಕ ಕೂಡಿಟ್ಟಿದ್ದರು. ತಾವು ಮಾತ್ರ ಅರಸೀಕೆರೆ ದಾಟಿದವರಲ್ಲವಂತೆ, ಬಸ್ಸು ಹತ್ತಿದರೆ ವಾಂತಿ. ಅವರು ತೀರಿಕೊಂಡ ಮೇಲೆ ಅವರ ಕೈಕೆಳಗೆ ನಕ್ಷೆ ಬರೆಯುತ್ತಿದ್ದ ಮುರುಗೇಶನ್ ಎಂಬುವರು ಅದನ್ನು ನೋಡಿಕೊಳ್ಳುತ್ತಿದ್ದರು. ಎಪ್ಪತ್ತು ದಾಟಿದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ.

ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದರು. "ಬಸ್ಸಲ್ಲಿ ಬಂದ್ರಾ ಸಾರ್? ಕಡಲೆಕಾಯಿ ತಿಂದಿದೀರ. ಸೋಪು ಅಲ್ಲಿದೆ." ಕೈ ತೊಳೆದೆ. ಒರೆಸಲು ಒಂದು ಟವೆಲ್, ಅದು ಒದ್ದೆಯಾದ ಮೇಲೆ ಇನ್ನೂ ಒಣಗಿಸಲು ಇನ್ನೊಂದು. ಜೇಬಿನ ಪೆನ್ನು ಕಿತ್ತುಕೊಂಡು ಚೂಪಾದ ಪೆನ್ಸಿಲ್ ಕೊಟ್ಟರು. ಪುಟವನ್ನು ಬೆರಳಿಗೆ ಎಂಜಲು ಹಚ್ಚಿ ತಿರುಗಿಸುವವರ ಹೆಸರು ಬರೆದಿಟ್ಟ ಒಂದು ಪಟ್ಟಿ ಗೋಡೆಯ ಮೇಲಿತ್ತು. ಅದರಲ್ಲಿ ನನಗೆ ಗೊತ್ತಿದ್ದ ಒಬ್ಬ ಪ್ರಿನ್ಸಿಪಾಲರ ಹೆಸರೂ ಇತ್ತು.

ಪುಸ್ತಕಗಳ ಜೋಡಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಲೇಖಕ, ವಿಷಯ ಯಾವುದೂ ಇಲ್ಲ, ಎಲ್ಲ ದಿಕ್ಕಿನ ಪ್ರಕಾರ. ಚೀನಾ ಜಪಾನಿಗೆ ಹೋದವರು ಪೂರ್ವದ ಗೋಡೆಗೆ, ಆಫ್ರಿಕಾದವರು ಪಶ್ಚಿಮದ ಕಿಟಕಿಯ ಪಕ್ಕ. ಸಮುದ್ರಯಾನವೆಲ್ಲ ಬಚ್ಚಲಮನೆಯ ಹತ್ತಿರದ ಕೋಣೆಯಲ್ಲಿ. ಉತ್ತರ ಧ್ರುವ ಅಟ್ಟದ ಮೇಲೆ. ದಕ್ಷಿಣ ಧ್ರುವ ಮಂಚದ ಕೆಳಗೆ. ಅಂಟಾರ್ಟಿಕಾ ಬೇಕೆಂದವರು ನೆಲದ ಮೇಲೆ ಬೋರಲು ಮಲಗಿಯೇ ತೆಗೆಯಬೇಕು.

"ನಮ್ಮ ಊರಿನ ಸರ್ವೆ ಮಾಡಿದವರ ಬಗ್ಗೆ ಏನಾದ್ರೂ?" ಎಂದೆ.

"ನಮ್ಮ ಊರು ಅಂದ್ರೆ ನಡುಮನೆ ಸಾರ್" ಎಂದು ಮಧ್ಯದ ಮೇಜು ತೋರಿಸಿದರು.

ಬೆಳಗ್ಗೆ ಹತ್ತೂವರೆಯಿಂದ ಎರಡು ಗಂಟೆಯವರೆಗೆ ಹುಡುಕಿದೆ. ನಿಜವಾಗಿಯೂ ಹುಡುಕಿದೆ. ನಡುವೆ ಒಂದು ಹಳೆಯ ಭೂಪಟದಲ್ಲಿ ತುಂಗೆ ಭದ್ರೆ ಕೂಡುವ ಜಾಗ ಕಂಡು, ಅದರ ಮೇಲೆ ಬೆರಳಾಡಿಸಲು ಹೋಗಿ ಬೈಸಿಕೊಂಡೆ. ಕೆಲಸ ಮರೆತು ಓದುವ ಆಸೆಯಾಗುವಂಥ ಜಾಗ ಅದು. ಉಪ್ಪು ತಿಂದ ದೊರೆ ಎಲ್ಲೂ ಇರಲಿಲ್ಲ. ನನಗೆ ಎದೆ ಹಗುರವಾಯಿತು. ಮುರುಗೇಶನ್ ಅವರ ಬಳಿ ಹೋಗಿ, ಇಂಥ ವಿಷಯದ ಆಧಾರ ಇಲ್ಲಿ ದೊರೆಯಲಿಲ್ಲ ಎಂದು ಎರಡು ಸಾಲು ಬರೆದುಕೊಡಿ ಎಂದು ಕೇಳಿದೆ.

ಅವರ ಮುಖ ಕೆಂಪಾಯಿತು. "ಇಲ್ಲ ಅಂತ ಬರೆದು ಕೊಡೋದಾ? ಇಪ್ಪತ್ತು ವರ್ಷದಲ್ಲಿ ಇಲ್ಲಿ ಯಾರಿಗೂ ಇಲ್ಲ ಅಂದಿಲ್ಲ ಸಾರ್. ಎಲ್ಲಾ ನೋಡಿ ಮುಗಿಸ್ದೆ ಹೇಗೆ ಇಲ್ಲ ಅಂತ ಹೇಳೋದು?"

"ಎಲ್ಲಾ ನೋಡಿದೆನಲ್ಲ."

"ಟ್ರಂಕು ನೋಡಿಲ್ಲ."

ತೀರಿಕೊಂಡ ಇಂಜಿನಿಯರ್ ಸಾಹೇಬರು ಕೊನೆಗಾಲದಲ್ಲಿ ಹಳೇ ಕಾಗದದ ಅಂಗಡಿಯಿಂದ ತೂಕದ ಲೆಕ್ಕದಲ್ಲಿ ತಂದ ಕೈಬರಹಗಳ ಟ್ರಂಕೊಂದು ಮಂಚದ ಕೆಳಗೆ, ದಕ್ಷಿಣ ಧ್ರುವದ ಹಿಂದೆ ಇತ್ತು. ಅವರು ಹೋದ ಮೇಲೆ ತೆರೆದಿರಲಿಲ್ಲವಂತೆ, ಬೀಗದ ಕೈ ಸಿಕ್ಕಿರಲಿಲ್ಲ. ಬೇಡ ಬಿಡಿ ಎಂದೆ. ಅವರು ಸ್ಕ್ರೂಡ್ರೈವರ್ ತಂದರು. ನಾವಿಬ್ಬರೂ ಬೋರಲು ಮಲಗಿ ಎಳೆದೆವು. ಬೀಗ ಮುರಿಯಲು ಅರ್ಧ ಗಂಟೆ ಬೇಕಾಯಿತು. ಒಳಗಿನಿಂದ ಮೊದಲು ಎರಡು ಜಿರಲೆ, ಆಮೇಲೆ ಅಡಿಕೆ ಮಂಡಿಯ ಹಳೇ ರಸೀದಿಗಳ ಕಟ್ಟು, ಅದರ ಕೆಳಗೆ ಕಂದು ಚರ್ಮದ ಹೊದಿಕೆಯ, ಅಂಗೈಯಗಲದ ಒಂದು ಪುಸ್ತಕ ಬಂತು.

ಇಂಗ್ಲಿಷಿನಲ್ಲಿ, ಪೆನ್ಸಿಲಿನಲ್ಲಿ, ಸಣ್ಣ ಓರೆ ಅಕ್ಷರ. ಮೊದಲ ಪುಟಗಳೂ ಹೆಸರು ಇಸವಿ ಇದ್ದಿರಬಹುದಾದ ಮೂಲೆಗಳೂ ಹುಳ ತಿಂದು ಜಾಲರಿಯಾಗಿದ್ದವು. ನಡುವೆ ಕೋನಗಳ ಅಂಕಿಗಳು. ಬೇಸರದಿಂದ ಪುಟ ತಿರುಗಿಸುತ್ತ, ಆಕಳಿಸುತ್ತ, ಒಂದು ಕಡೆ ನಿಂತೆ.

ಸಣ್ಣ ಗುಡ್ಡದ ಮೇಲೆ ಬಿಡಾರ ಎಂದು ಬರೆದಿತ್ತು. ಜನ ಇದನ್ನು 'ರ‍್ಯಾಗಿ ಗೂಡ' ಎನ್ನುತ್ತಾರೆ. ಮೂರು ರಾತ್ರಿಯಿಂದ ದೀಪ ಕಂಡಿಲ್ಲ. ಅಡುಗೆಯವನು 'ಸಿಡಪಾ' ಇಂದೂ ಉಪ್ಪನ್ನು ಎರಡು ಸಲ ಹಾಕಿದ್ದಾನೆ. ಬೆನ್ನಿಗೆ ಕೊಡೆ ನೇತು ಹಾಕಿಕೊಂಡೇ ಅಡುಗೆ ಮಾಡುತ್ತಾನೆ. ತಕರಾರು ಹೇಳಿದರೆ ನೀರು ಕುಡಿಯಿರಿ ಎನ್ನುತ್ತಾನೆ.

ನನ್ನ ಆಕಳಿಕೆ ಅರ್ಧಕ್ಕೆ ನಿಂತಿತು. ಬಾಯಿ ಮುಚ್ಚಲು ಆಗಲಿಲ್ಲ. ಮುರುಗೇಶನ್, "ದವಡೆ ಹಿಡ್ಕೊಂಡ್ತಾ ಸಾರ್?" ಎಂದು ಕೇಳಿದ್ದು ನೆನಪಿದೆ. ಮುಂದಿನ ಪುಟ ತಿರುಗಿಸಿದೆ. ರಾತ್ರಿ ಹಲವು ಸಲ ಏಳಬೇಕಾಯಿತು. ಎರಡು ಗಂಟೆಗೆ ದೀಪ ಸ್ಪಷ್ಟವಾಗಿ ಕಂಡಿತು. ಈ ವೀಕ್ಷಣೆ ಸಾಧ್ಯವಾದದ್ದು ನನ್ನ ಎಚ್ಚರಿಕೆಯಿಂದ ಮತ್ತು ಕರ್ತವ್ಯನಿಷ್ಠೆಯಿಂದ. ಉಪ್ಪಿನ ಮಾತಿಲ್ಲ, ಕೋಟು ಕೊಟ್ಟದ್ದಂತೂ ಇಲ್ಲವೇ ಇಲ್ಲ. ಅದನ್ನು ಓದಿ ನನಗೆ ಇನ್ನೂ ಹೆಚ್ಚು ಭಯವಾಯಿತು. ನನ್ನ ಕಥೆಯನ್ನು ಯಾರೋ ನಕಲು ಮಾಡಿದ್ದರೆ ಕೋಟನ್ನೂ ಬರೆಯುತ್ತಿದ್ದರು. ಹೀಗೆ ಅಡುಗೆಯವನ ಉಪಕಾರವನ್ನು ನುಂಗಿ ಹಾಕಲು ನಿಜವಾದ ಮೇಲಧಿಕಾರಿಯೇ ಬೇಕು.

ಆದರೂ ಮನಸ್ಸು ಕಾರಣ ಹುಡುಕಿತು. ಯಾವನೋ ಹಳೆಯ ವಿದ್ಯಾರ್ಥಿಯ ಕಿತಾಪತಿ ಎಂದುಕೊಂಡೆ. ಅಷ್ಟರಲ್ಲಿ ಕೆಳಗಿನ ಸಾಲಿಗೆ ಕಣ್ಣು ಹೋಯಿತು. ಬೆಳಗ್ಗೆ ಬಿಡಾರ ಕಿತ್ತೆವು. ಕತ್ತೆ ಒಂದು ಗಂಟೆ ಕಾಲ ಜಗ್ಗಲಿಲ್ಲ. ಆಳುಗಳು ಅದನ್ನು ಕರೆಯುವುದು 'ಕುಮ್ಲೀ' ಎಂದು.

ಮುರುಗೇಶನ್ ನನಗೆ ನೀರು ತಂದುಕೊಟ್ಟರು. ಪುಸ್ತಕವಿದ್ದ ಕೋಣೆಗೆ ನೀರು ತರುವುದು ಆ ಗ್ರಂಥಾಲಯದ ಇತಿಹಾಸದಲ್ಲಿ ಅದೇ ಮೊದಲಂತೆ. "ಸಿಕ್ತಲ್ಲ ಸಾರ್" ಎಂದು ಅವರು ಮಗುವಿನಂತೆ ಖುಷಿಪಟ್ಟರು. "ಇಲ್ಲ ಅಂತ ಬರೆಸ್ಕೊಂಡು ಹೋಗ್ತಿದ್ರಲ್ಲ!" ತಾವೇ ಆ ಪುಟಗಳ ಫೋಟೋ ತೆಗೆದು ನನ್ನ ಮೊಬೈಲಿಗೆ ಹಾಕಿದರು.

ಮನೆಗೆ ಬಂದು ಗಿರಿಜಾಳಿಗೆ ತೋರಿಸಿದೆ. ಮೊದಲು ಅವಳ ಮೇಲೇ ಅನುಮಾನಪಟ್ಟೆ, ಕಮಲಿಯ ಹೆಸರು ಗೊತ್ತಿದ್ದವಳು ಅವಳೊಬ್ಬಳೇ. "ನಾನು ಭದ್ರಾವತಿಗೆ ಹೋಗಿ, ಮಂಚದ ಕೆಳಗೆ ನುಗ್ಗಿ, ಬೀಗ ಹಾಕಿರೋ ಟ್ರಂಕಲ್ಲಿ ಇಂಗ್ಲಿಷಲ್ಲಿ ಬರೆದಿಟ್ಟು ಬರ್ತೀನಾ? ದಿನಸಿ ಚೀಟಿ ಬರೆಯೋಕೇ ನಂಗೆ ಪುರುಸೊತ್ತಿಲ್ಲ" ಎಂದಳು. ಆಮೇಲೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಸಿದ್ದಪ್ಪ ಮಾವ ತೀರಿಕೊಂಡು ಆಗ ವರ್ಷವೂ ಆಗಿರಲಿಲ್ಲ.

"ನಂಗೂ ನೋಡ್ಬೇಕು" ಎಂದಳು ಕೊನೆಗೆ.

ಮರುವಾರ ಇಬ್ಬರೂ ಹೋದೆವು. ಪುಸ್ತಕ ಮಾಯವಾಗಿರುತ್ತದೆ ಎಂದು ನಾನು ಒಳಗೊಳಗೇ ಎಣಿಸಿದ್ದೆ. ಇಂಥ ಅನುಭವಗಳಲ್ಲಿ ಹಾಗಾಗುವುದುಂಟು ಎಂದು ಕೇಳಿದ್ದೆ. ಹಾಗೇನೂ ಆಗಲಿಲ್ಲ. ಮುರುಗೇಶನ್ ಅದಕ್ಕೆ ಹೊಸ ರಟ್ಟಿನ ಪೆಟ್ಟಿಗೆ ಮಾಡಿ, ಸಂಖ್ಯೆ ಕೊಟ್ಟು, ನಡುಮನೆಯ ಮೇಜಿನ ಮೇಲೆ ಇಟ್ಟಿದ್ದರು. ಗಿರಿಜಾ ಕೈ ತೊಳೆದು, ಎರಡು ಟವೆಲಿನಲ್ಲೂ ಒರೆಸಿಕೊಂಡು, ಅವರಿಂದ ಶಾಭಾಸ್‌ಗಿರಿ ಪಡೆದು ಕೂತಳು. ನಾನು ಗಾಬರಿಯಲ್ಲಿ ನೋಡದೆ ಬಿಟ್ಟಿದ್ದ ಹಿಂದಿನ ಪುಟವೊಂದರಲ್ಲಿ ಅವಳ ಬೆರಳು ನಿಂತಿತು. ಅಡುಗೆಯವನು ರಜೆ ಕೇಳಿದ್ದಾನೆ. ಹೊಳೆಯ ಹತ್ತಿರದ ಊರಿನಲ್ಲಿ ತಂಗಿಯ ಮಗಳ ಮದುವೆಯಂತೆ. ಊರಿನ ಹೆಸರು ಅರ್ಧ ಅಳಿಸಿತ್ತು. 'ಹೊಲ್ಲಿ ಹೊ' ಎಂಬಷ್ಟು ಉಳಿದಿತ್ತು.

"ನಮ್ಮ ಮದುವೆಗೆ ಬಂದಾಗ್ಲೂ ಸಾರಿಗೆ ಉಪ್ಪು ಎರಡು ಸಲ ಹಾಕಿದ್ರು" ಎಂದಳು ಗಿರಿಜಾ. ಅವಳು ಸಿದ್ದಪ್ಪ ಮಾವನ ತಂಗಿಯ ಮಗಳು. ಇದು ನನ್ನ ಕಥೆಯಲ್ಲಿ ಎಂದೂ ಇರಲಿಲ್ಲ.

ಅಂದು ಬಸ್ಸಿನಲ್ಲಿ ನಾನು ಒಂದು ನಿರ್ಧಾರಕ್ಕೆ ಬಂದೆ. ಏನಾದರಾಗಲಿ, ಸತ್ಯ ಹೇಳಿಬಿಡುವುದು. ಸೋಮವಾರ ಕಮಲಾಕ್ಷಿ ಮೇಡಂ ಕೊಠಡಿಗೆ ಹೋಗಿ, ಮೊದಲು ಫೋಟೋಗಳನ್ನು ತೋರಿಸಿ, ಆಮೇಲೆ, "ಮೇಡಂ, ಆದ್ರೆ ಈ ಕಥೆ ನಾನೇ ಕಟ್ಟಿದ್ದು. ಸುಳ್ಳು" ಎಂದೆ. ಮಾಡಿದ ತಪ್ಪು ಅಲ್ಲೇ. ಫೋಟೋ ಆಮೇಲೆ ತೋರಿಸಬೇಕಿತ್ತು.

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಕಣ್ಣು ಒದ್ದೆ ಮಾಡಿಕೊಂಡರು. "ಎಂಥಾ ವಿನಯ ಸಾರ್ ನಿಮ್ದು! ಆಧಾರ ಕೈಯಲ್ಲಿಟ್ಕೊಂಡು ನಾನೇ ಕಟ್ಟಿದ್ದು ಅಂತೀರಲ್ಲ."

"ವಿನಯ ಅಲ್ಲ ಮೇಡಂ, ಸತ್ಯವಾಗ್ಲೂ ಸುಳ್ಳು."

"ಆಯ್ತು ಆಯ್ತು. ಇದೇನಿದು, ಕತ್ತೆ ಹೆಸರು? ಕುಮ್ಲೀ?"

ಸತ್ಯ ಹೇಳುವ ನಿರ್ಧಾರ ಅಲ್ಲಿಗೆ ಮುಗಿಯಿತು. "ಕುಂಬಳಿ ಇರ್ಬೇಕು ಮೇಡಂ. ದಪ್ಪಗಿದ್ದಿರ್ಬೇಕು, ಕುಂಬಳಕಾಯಿ ಥರ" ಎಂದೆ. ಅವರು ಮನಸಾರೆ ನಕ್ಕರು.

ಕಲ್ಲು ನಿಂತಿತು. ದೊರೆಯ ಹೆಸರು ಗೊತ್ತಿಲ್ಲವಾದ್ದರಿಂದ ಯಾರ ಹೆಸರು ಕೆತ್ತಿಸುವುದೆಂದು ಚರ್ಚೆಯಾದಾಗ ನಾನು ಗಿರಿಜಾಳ ಸೂಚನೆಯನ್ನು ಸಭೆಗೆ ಹೇಳಿದೆ. ಹಾಗಾಗಿ ಆ ಕಲ್ಲಿನ ಮೇಲೆ ಇರುವುದು ಒಂದೇ ಹೆಸರು, ಅಡುಗೆಯ ಸಿದ್ದಪ್ಪ. ಸಮಾರಂಭ ಮುಗಿದು ಜನ ಇಳಿದು ಹೋದ ಮೇಲೆ ಗಿರಿಜಾ ಸೆರಗಿನಲ್ಲಿ ಆ ಅಕ್ಷರಗಳ ಮೇಲಿನ ಧೂಳು ಒರೆಸಿದಳು. ನಾನು ಸ್ವಲ್ಪ ದೂರ ನಿಂತೆ.

ಇತಿಹಾಸ ಕಲಿಸುವ ನನ್ನ ಸ್ನೇಹಿತರೊಬ್ಬರು ಆ ಪುಸ್ತಕ ನೋಡಿ, ಕಾಗದ ಬಹಳ ಹಳೆಯದೇ ಎಂದರು. ನಾನು ಚಿಕ್ಕಂದಿನಲ್ಲಿ ಈ ಕಥೆಯನ್ನು ಎಲ್ಲೋ ಕೇಳಿ ಮರೆತಿರಬೇಕು ಎಂಬುದು ಅವರ ವಾದ. ಇರಬಹುದು ಎನ್ನೋಣವೆಂದರೆ ಕತ್ತೆ ಅಡ್ಡ ನಿಲ್ಲುತ್ತದೆ. ವೇಳಾಪಟ್ಟಿಯ ಸಿಟ್ಟಿನಲ್ಲಿ, ಇಂಥ ದಿನ, ಇಂಥ ಕ್ಷಣದಲ್ಲಿ ನಾನು ಇಟ್ಟ ಹೆಸರು ಅದು. ಈ ಸಂಗತಿಯನ್ನು ಅವರಿಗೆ ಹೇಳಲು ನನಗೆ ಧೈರ್ಯವಿಲ್ಲ, ಅವರು ಕಮಲಾಕ್ಷಿ ಮೇಡಂ ಅವರ ದೂರದ ನೆಂಟರು.

ಏನಾಯಿತು, ಹೇಗಾಯಿತು ಎಂದು ಇಂದಿಗೂ ನನಗೆ ತಿಳಿಯದು. ನಾನು ಬದಲಾದದ್ದು ಮಾತ್ರ ನಿಜ. ತರಗತಿಯಲ್ಲಿ ಈಗ ಪಠ್ಯಪುಸ್ತಕ ಬಿಟ್ಟು ಒಂದು ಸಾಲು ಆಚೆ ಹೋಗುವುದಿಲ್ಲ. ಮಕ್ಕಳು ನಿದ್ದೆ ಮಾಡುತ್ತಾರೆ, ಮಾಡಲಿ. ಮೊನ್ನೆ ಜ್ವಾಲಾಮುಖಿಯ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ನಮ್ಮ ಶಿವಮೊಗ್ಗದಲ್ಲಿ ಯಾವಾಗಾದ್ರೂ ಜ್ವಾಲಾಮುಖಿ ಇತ್ತಾ?" ಎಂದಳು. ತೂಕಡಿಸುತ್ತಿದ್ದ ತಲೆಗಳು ಒಂದೊಂದಾಗಿ ಮೇಲೆದ್ದವು. ಒಳ್ಳೆಯದೊಂದು ಕಥೆ ನನ್ನ ನಾಲಿಗೆಯ ತುದಿಗೇ ಬಂತು.

"ಇಲ್ಲಮ್ಮ, ಇರಲಿಲ್ಲ" ಎಂದೆ. ಹಾಗೆ ಅನ್ನುವ ಮೊದಲು ಕಿಟಕಿಯ ಹತ್ತಿರ ಹೋಗಿ ಒಮ್ಮೆ ಹೊರಗೆ ನೋಡಿ ಬಂದೆ.